ಅಂಚಿನ ಪ್ಲಾಸ್ಮಾದಲ್ಲಿ ಇಂಗಾಲದ ವಿಕಿರಣ: ತಾಪವೊಂದನ್ನೇ ನಂಬಿದರೆ ಸಾಲದು

ಅತಿ ಬಿಸಿಯಾದ ಅಯಾನೀಕೃತ ಅನಿಲವನ್ನು, ಅಂದರೆ ಪ್ಲಾಸ್ಮಾವನ್ನು, ಕಾಂತಕ್ಷೇತ್ರದಲ್ಲಿ ಹಿಡಿದಿಡುವ ಸಮ್ಮಿಳನ ಯಂತ್ರ ಟೋಕಮಾಕ್‌ನ ಒಳಗೋಡೆಗೆ ಗ್ರಾಫೈಟ್ ಹೊದಿಸಿದ್ದರೆ ಪ್ಲಾಸ್ಮಾದ ಅಂಚಿಗೆ ಇಂಗಾಲ ಸೇರುವುದು ತಪ್ಪದು. ಬಂದು ಬಡಿಯುವ ಹೈಡ್ರೋಜನ್ ಅಯಾನುಗಳು ಇಂಗಾಲದ ಪರಮಾಣುಗಳನ್ನು ಕಿತ್ತೆಬ್ಬಿಸುವುದಲ್ಲದೆ, ಅದರೊಡನೆ ಕೂಡಿ ಮೀಥೇನ್‌ನಂಥ ಅನಿಲಗಳನ್ನೂ ಉಂಟುಮಾಡುತ್ತವೆ. ಆದರೂ ಈ ಕಲ್ಮಶವನ್ನು ಬರಿದೇ ಹಳಿಯುವಂತಿಲ್ಲ. ಅಂಚಿನಿಂದ ಹೊರಬೀಳುವ ಪ್ಲಾಸ್ಮಾ ಬಂದು ತಾಕುವ ಡೈವರ್ಟರ್ ಫಲಕಗಳ ಮೇಲೆ ಒಂದೇ ಕಡೆ ಬೀಳಬೇಕಾಗಿದ್ದ ಶಾಖವನ್ನು ಅದು ಬೆಳಕಾಗಿ ಸುತ್ತಲೂ ಹಂಚುತ್ತದೆ.

ಎಲೆಕ್ಟ್ರಾನ್ ಸಾಂದ್ರತೆ, ಇಂಗಾಲದ ಸಾಂದ್ರತೆ ಮತ್ತು ವಿಕಿರಣ ಗುಣಾಂಕ, ಈ ಮೂರನ್ನು ಗುಣಿಸಿದರೆ ಒಂದು ಘನ ಮೀಟರಿನಿಂದ ಹೊರಹೋಗುವ ಶಕ್ತಿಯ ದರ ಸಿಗುತ್ತದೆ. ಹೊಸಬರು ಎಡವುವುದು ಮೂರನೆಯದರಲ್ಲಿ. ಅಯಾನುಗಳು ಎಲೆಕ್ಟ್ರಾನ್ ಕಳೆದುಕೊಳ್ಳುವ ದರವೂ ಮರಳಿ ಪಡೆಯುವ ದರವೂ ಸಮವಾಗಿವೆಯೆಂಬ ಕೊರೋನಲ್ ಸಮತೋಲನವನ್ನು ಒಪ್ಪಿಕೊಂಡರೆ ಗುಣಾಂಕ ತಾಪವೊಂದರಿಂದಲೇ ತೀರ್ಮಾನವಾಗುತ್ತದೆ. ತಾಪವನ್ನೂ ಶಕ್ತಿಯ ಮಾನವಾದ ಎಲೆಕ್ಟ್ರಾನ್ ವೋಲ್ಟ್‌ನಲ್ಲೇ ಹೇಳುವ ರೂಢಿಯಂತೆ, ಅದು 10 ಎಲೆಕ್ಟ್ರಾನ್ ವೋಲ್ಟ್ ಆಸುಪಾಸಿನಲ್ಲಿ ಗರಿಷ್ಠ ಮಟ್ಟ ಮುಟ್ಟಿ, 30ರ ಹೊತ್ತಿಗೆ ಬಹಳಷ್ಟು ಇಳಿದಿರುತ್ತದೆ. ಕಾರಣ ಅಯಾನಿನ ರಚನೆಯಲ್ಲಿದೆ. ಮೂರು ಎಲೆಕ್ಟ್ರಾನ್ ಕಳೆದುಕೊಂಡ ಇಂಗಾಲವನ್ನು ಉದ್ರೇಕಿಸಲು 8 ಎಲೆಕ್ಟ್ರಾನ್ ವೋಲ್ಟ್ ಸಾಕು. ನಾಲ್ಕನ್ನು ಕಳೆದುಕೊಂಡರೆ ಉಳಿದೆರಡು ತುಂಬಿದ ಕವಚದಲ್ಲಿರುವುದರಿಂದ ಸುಮಾರು 300 ಬೇಕಾಗುತ್ತದೆ.

ಆದರೆ ಅಂಚಿನಲ್ಲಿ ಸಮತೋಲನಕ್ಕೆ ಪುರುಸೊತ್ತೇ ಇರುವುದಿಲ್ಲ. ಘನ ಮೀಟರಿಗೆ 10ರ 19ನೆಯ ಘಾತದಷ್ಟು ಎಲೆಕ್ಟ್ರಾನುಗಳಿದ್ದು ತಾಪ 30 ಎಲೆಕ್ಟ್ರಾನ್ ವೋಲ್ಟ್ ಇರುವಲ್ಲಿ, ಮೂರು ಎಲೆಕ್ಟ್ರಾನ್ ಕಳೆದುಕೊಂಡ ಹಂತದಿಂದ ನಾಲ್ಕನ್ನು ಕಳೆದುಕೊಂಡ ಹಂತಕ್ಕೇರಲು ನೂರಾರು ಮೈಕ್ರೋಸೆಕೆಂಡು ಹಿಡಿದರೆ, ಎಲೆಕ್ಟ್ರಾನನ್ನು ಮರಳಿ ಪಡೆದು ಕೆಳಗಿಳಿಯಲು ನೂರು ಮಿಲಿಸೆಕೆಂಡಿನ ಆಸುಪಾಸು ಬೇಕು. ಅಷ್ಟರೊಳಗೆ, ಮಿಲಿಸೆಕೆಂಡಿನ ಆಸುಪಾಸಿನಲ್ಲೇ, ಅಯಾನು ಗೋಡೆ ಸೇರಿರುತ್ತದೆ; ಅದರ ಜಾಗಕ್ಕೆ ಬರುವ ಹೊಸ ಪರಮಾಣು ಮೊದಲ ಹಂತದಿಂದ ಬೆಳಗುತ್ತಲೇ ಮೇಲೇರುತ್ತದೆ. ಹೀಗಾಗಿ ನಿಜವಾದ ವಿಕಿರಣ ಕೊರೋನಲ್ ಲೆಕ್ಕದ ಹಲವು ಪಟ್ಟು ಇರಬಹುದು. ತಟಸ್ಥ ಹೈಡ್ರೋಜನ್ ಎಲೆಕ್ಟ್ರಾನ್ ಕೊಟ್ಟು ಅಯಾನನ್ನು ಕೆಳಗಿನ ಹಂತಕ್ಕೆ ಎಳೆದಾಗ ಅದು ಮತ್ತಷ್ಟು ಹೆಚ್ಚುತ್ತದೆ. ಸೋಲ್ಪ್ಸ್‌ನಂಥ ಗಣಕ ಕಾರ್ಯಕ್ರಮಗಳು ಪ್ರತಿ ಹಂತವನ್ನೂ ಪ್ರತ್ಯೇಕ ಹರಿವಾಗಿ ಹಿಂಬಾಲಿಸುವುದು ಇದಕ್ಕಾಗಿಯೇ. ಗಣನೆ ನಿಧಾನವಾದರೂ ಆ ಶ್ರಮ ವ್ಯರ್ಥವಲ್ಲ.

ಬೋಲೋಮೀಟರ್ ಅಳೆದ ಒಟ್ಟು ವಿಕಿರಣಕ್ಕೆ ಲೆಕ್ಕ ಹೊಂದಿತೆಂದು ಅಲ್ಲಿಗೇ ನಿಲ್ಲುವುದು ನನಗೆ ಒಪ್ಪಿಗೆಯಿಲ್ಲ. ಹೈಡ್ರೋಜನ್‌ನ ಪಾಲು ಕಡಿಮೆ ಬಂದು ಇಂಗಾಲದ್ದು ಹೆಚ್ಚಾಗಿದ್ದರೂ ಮೊತ್ತ ಸರಿಯಾಗಿಯೇ ಕಾಣುತ್ತದೆ. ಮೊತ್ತ ಸಾಲದಿದ್ದಾಗ ಗೋಡೆಯಿಂದ ಏಳುವ ಇಂಗಾಲದ ಪ್ರಮಾಣವನ್ನು ಏರಿಸಿ ಸರಿದೂಗಿಸುವ ರೂಢಿಯಂತೂ ಇನ್ನೂ ಅಪಾಯಕಾರಿ. ಮೂರು ಎಲೆಕ್ಟ್ರಾನ್ ಕಳೆದುಕೊಂಡ ಅಯಾನಿನ 155 ನ್ಯಾನೋಮೀಟರ್ ಜೋಡಿರೇಖೆಯನ್ನೂ, ಎರಡು ಕಳೆದುಕೊಂಡದ್ದರ 465 ನ್ಯಾನೋಮೀಟರ್ ಬೆಳಕನ್ನೂ ಬೇರೆಬೇರೆಯಾಗಿ, ಅವು ಎಲ್ಲಿ ಹೊಮ್ಮುತ್ತವೆ ಎಂಬುದರ ಸಮೇತ ಹೋಲಿಸಬೇಕು.

ಹೈಡ್ರೋಜನ್‌ನ ವಿಕಿರಣಶೀಲ ರೂಪವಾದ ಟ್ರಿಟಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆಂಬ ಕಾರಣಕ್ಕೆ ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಅಂತರರಾಷ್ಟ್ರೀಯ ಟೋಕಮಾಕ್ ಐಟರ್ ಇಂಗಾಲವನ್ನು ಕೈಬಿಟ್ಟಿದೆ; ಬ್ರಿಟನ್ನಿನಲ್ಲಿದ್ದ ಟೋಕಮಾಕ್ ಜೆಟ್ ಕೂಡ 2011ರಲ್ಲಿ ಬೆರಿಲಿಯಂ ಮತ್ತು ಟಂಗ್‌ಸ್ಟನ್ ಗೋಡೆಗೆ ಬದಲಾಯಿತು. ಅಲ್ಲಿ ಇಂಗಾಲ ಮಾಡುತ್ತಿದ್ದ ಕೆಲಸಕ್ಕೆ ಸಾರಜನಕವನ್ನು ಬೇಕೆಂದೇ ಹಾಯಿಸಬೇಕಾಯಿತು, ಅದರ ಅಯಾನುಗಳೂ ಸಮತೋಲನಕ್ಕೆ ಕಾಯುವುದಿಲ್ಲ.