ಕಕ್ಕೆ ಬೀಜಕ್ಕೆ ಮೊದಲು ಗಾಯ, ಆಮೇಲೆ ನೀರು

ಮಳೆಗಾಲ ಶುರುವಾದರೆ ನರ್ಸರಿಗೆ ಬರುವವರ ದೂರು ಒಂದೇ: "ದಾರಿ ಬದಿ ಬಿದ್ದಿದ್ದ ಕಕ್ಕೆಕಾಯಿ ತಂದು ಬೀಜ ಹಾಕಿದೆ, ಎರಡು ತಿಂಗಳಾಯ್ತು, ಒಂದೂ ಹುಟ್ಟಲಿಲ್ಲ." ಕುಂಡ ಕೆದಕಿದರೆ ಬೀಜ ಹಾಕಿದ ಹಾಗೇ ಇರುತ್ತದೆ. ಕೊಳೆತಿಲ್ಲ, ಉಬ್ಬಿಯೂ ಇಲ್ಲ. ಅದು ಸತ್ತಿಲ್ಲ, ಅದರೊಳಗೆ ನೀರೇ ಇಳಿದಿಲ್ಲ.

ಕಕ್ಕೆ ಬೀಜದ ಸಿಪ್ಪೆ ಅಷ್ಟು ಬಿಗಿ. ಕಾಡಿನಲ್ಲಿ ಕರಡಿ, ನರಿ, ಕೋತಿಗಳು ಸಿಹಿ ತಿರುಳಿಗಾಗಿ ಕಾಯಿ ತಿನ್ನುತ್ತವೆ. ಬೀಜ ಅವುಗಳ ಹೊಟ್ಟೆ ಹಾದು ಬರುವಾಗ ಸಿಪ್ಪೆ ಸಡಿಲವಾಗುತ್ತದೆ. ಮನೆಯಲ್ಲಿ ಆ ಕೆಲಸ ನಾವೇ ಮಾಡಬೇಕು.

ಮಾಗಿ ಕಪ್ಪಾದ, ತೂತು ಬೀಳದ ಕಾಯಿ ಆರಿಸಿ. ಒಡೆದರೆ ಒಂದೊಂದು ಕೋಣೆಯಲ್ಲಿ ಒಂದೊಂದು ಬೀಜ, ಸುತ್ತ ಕಪ್ಪು ಅಂಟು. ಆಯುರ್ವೇದದವರು ಆರಗ್ವಧ ಎಂದು ಭೇದಿಯಾಗಲು ಕೊಡುವುದು ಇದೇ ತಿರುಳನ್ನು, ಮಕ್ಕಳು ನೆಕ್ಕದಂತೆ ನೋಡಿಕೊಳ್ಳಿ. ಬೀಜ ತೊಳೆದು, ಮೊಳಕೆ ಹೊರಡುವ ಚೂಪು ತುದಿ ಬಿಟ್ಟು, ದುಂಡು ಬದಿಯನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ. ಕಂದು ಸಿಪ್ಪೆಯಡಿ ಬಿಳಿ ಕಂಡರೆ ಸಾಕು. ನೇಲ್ ಕಟರಿನಿಂದ ಚೂರು ಕಚ್ಚಿದರೂ ಆದೀತು. ಕುದಿನೀರಿನ ಉಪಾಯ ಹೇಳುವವರಿದ್ದಾರೆ. ಒಲೆಯಿಂದ ಇಳಿಸಿದ ನೀರಿಗೆ ಬೀಜ ಹಾಕಿ ತಣಿಯಲು ಬಿಡುವುದೇನೋ ಸರಿ, ಆದರೆ ಒಲೆಯ ಮೇಲೇ ಬೀಜ ಕುದಿಸಬಾರದು. ಹೊಸದರಲ್ಲಿ ನಾನು ಒಂದು ಬೊಗಸೆ ಬೀಜವನ್ನು ಹಾಗೇ ಬೇಯಿಸಿಬಿಟ್ಟಿದ್ದೆ.

ಉಜ್ಜಿದ್ದನ್ನು ಒಂದು ರಾತ್ರಿ ನೆನೆಸಿ. ಬೆಳಿಗ್ಗೆಗೆ ಎರಡರಷ್ಟು ಉಬ್ಬಿದವನ್ನು ಬಿತ್ತಿ, ಉಬ್ಬದವನ್ನು ಮತ್ತೆ ಉಜ್ಜಿ. ಕೆಮ್ಮಣ್ಣು, ಮರಳು, ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿದ ಮಣ್ಣಿನಲ್ಲಿ ಅರ್ಧ ಇಂಚು ಆಳ ಸಾಕು. ವಾರ, ಹತ್ತು ದಿನದಲ್ಲಿ ಮೊಳಕೆ ಕಾಣುತ್ತದೆ.

ಸಸಿ ಗೇಣುದ್ದ ಇರುವಾಗಲೇ ತಾಯಿಬೇರು ಚೀಲದ ತಳ ಮುಟ್ಟಿರುತ್ತದೆ. ಹಾಗಾಗಿ ಅಡಿಯುದ್ದದ ಪಾಲಿಥೀನ್ ಚೀಲವೇ ಬೇಕು. ಅಂದದ ಕುಂಡದಲ್ಲಿ ವರ್ಷಗಟ್ಟಲೆ ಇಟ್ಟರೆ ಬೇರು ಸುತ್ತಿಕೊಳ್ಳುತ್ತದೆ, ಅಂಥ ಗಿಡ ನೆಲಕ್ಕೆ ಹೋದರೂ ಏಳುವುದು ಕಷ್ಟ. ಬಾಲ್ಕನಿಯಲ್ಲಿ ಕಕ್ಕೆ ಹೂ ನೋಡುವ ಆಸೆಯಿದ್ದವರಿಗೆ ನಾನು ಬೇರೆ ಗಿಡ ಕೊಟ್ಟು ಕಳಿಸುತ್ತೇನೆ. ಇದಕ್ಕೆ ನೆಲ ಬೇಕು, ದಿನವಿಡೀ ಬಿಸಿಲು ಬೇಕು, ಹೂವಿಗೆ ಐದಾರು ವರ್ಷವಾದರೂ ಕಾಯಬೇಕು. ದ್ವಿದಳ ಜಾತಿಯಾದರೂ ಬೇರಿನಲ್ಲಿ ಗಂಟು ಕಟ್ಟಿ ಸಾರಜನಕ ಹಿಡಿಯುವ ಗುಣ ಇದಕ್ಕಿಲ್ಲ, ಗೊಬ್ಬರ ನೀವೇ ಹಾಕಬೇಕು.

ಮಳೆಗಾಲದಲ್ಲಿ ಹಸಿರು ಹುಳು ಎಲೆ ಮೇಯ್ದರೆ ಔಷಧಿ ಹೊಡೆಯಬೇಡಿ. ಅವು ತಿಳಿ ಹಳದಿ ಚಿಟ್ಟೆಯ ಮರಿಗಳು, ಎಲೆ ಮತ್ತೆ ಬರುತ್ತದೆ. ಬೇಸಿಗೆಯ ಹೊಸ್ತಿಲಲ್ಲಿ ಎಲೆ ಪೂರ್ತಿ ಉದುರಿದಾಗ ಒಣಗಿತೆಂದು ಕಿತ್ತೆಸೆದವರೂ ಇದ್ದಾರೆ. ಉಗುರಿನಿಂದ ತೊಗಟೆ ಕೆರೆದು ನೋಡಿ. ಒಳಗೆ ಹಸಿರಿದ್ದರೆ ವಾರಕ್ಕೊಂದು ಕೊಡ ನೀರು ಹಾಕುತ್ತಿರಿ.