ಮೊರದಲ್ಲಿ ಸುರಿದ ಮಳೆ

ಹೋದ ಆಷಾಢದಲ್ಲಿ ಮೂಡಿಗೆರೆ ಹತ್ತಿರ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಹಿಡಿದ ಮಳೆ ಮೂರು ದಿನವಾದರೂ ಬಿಟ್ಟಿರಲಿಲ್ಲ. ಹೆಂಚಿನ ಮೇಲೆ ಒಂದು ಸದ್ದು, ಬಾಳೆ ಎಲೆ ಮೇಲೆ ಇನ್ನೊಂದು, ಕೊಟ್ಟಿಗೆಯ ತಗಡಿನ ಮೇಲೆ ಮತ್ತೊಂದು. ಹಾಸನದಲ್ಲಿದ್ದ ಮಗಳಿಗೂ ಕೇಳಿಸೋಣ ಅಂತ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದೆ. "ಅಪ್ಪಾ, ಅಜ್ಜಿ ಒಗ್ಗರಣೆ ಹಾಕ್ತಿದ್ದಾರಾ?" ಅಂದಳು. ನಾನೂ ಹಾಕಿ ಕೇಳಿದೆ. ನಿಜ, ಕಾದ ಎಣ್ಣೆಗೆ ಈರುಳ್ಳಿ ಬಿದ್ದ ಹಾಗೇ ಇತ್ತು.

ರೇಡಿಯೋ ಶುರುವಾದ ಕಾಲದಲ್ಲಿ ನಾಟಕ ಮಾಡುತ್ತಿದ್ದವರಿಗೂ ಇದೇ ಕಷ್ಟ. ಮಳೆ ಅಂದರೆ ಸಾವಿರಾರು ಹನಿಗಳ ಸಣ್ಣ ಸಣ್ಣ ಸದ್ದು. ನಾವು ಜಗುಲಿಯಲ್ಲಿ ಕೂತಾಗ ಎರಡು ಕಿವಿ ಸೇರಿ ಹೆಂಚು ಎಲ್ಲಿ, ಬಾಳೆ ಎಲ್ಲಿ ಅಂತ ಬೇರೆ ಮಾಡಿಕೊಡುತ್ತವೆ. ಒಂದೇ ಮೈಕಿಗೆ ಆ ದಿಕ್ಕು ಗೊತ್ತಾಗುವುದಿಲ್ಲ. ಎಲ್ಲವನ್ನೂ ಕಲಸಿ ಒಂದು 'ಸೊಂಯ್' ಮಾಡಿಬಿಡುತ್ತದೆ. ಜೊತೆಗೆ ನಮ್ಮ ಕಿವಿ 20,000 ಹರ್ಟ್ಸ್‌ವರೆಗಿನ, ಅಂದರೆ ಸೆಕೆಂಡಿಗೆ ಅಷ್ಟು ಸಲ ಕಂಪಿಸುವ ಸದ್ದು ಕೇಳಬಲ್ಲದು. ಮೀಡಿಯಂ ವೇವ್ ರೇಡಿಯೋದಲ್ಲಿ ಸುಮಾರು 5,000 ದಾಟಿದ್ದು ಹೆಚ್ಚಾಗಿ ಬರುವುದೇ ಇಲ್ಲ. ಹನಿಯನ್ನು ಹನಿ ಅನ್ನಿಸುವ ಚುರುಕು ಸದ್ದು ಇರುವುದು ಅಲ್ಲೇ ಮೇಲೆ. ಅದು ದಾರಿಯಲ್ಲೇ ಉಳಿದುಹೋಗುತ್ತದೆ.

ಹಾಗಾಗಿ ಅವರು ಜರಡಿಯಲ್ಲೋ ತಟ್ಟೆಯಲ್ಲೋ ಒಣ ಬಟಾಣಿ, ಅಕ್ಕಿ ಹಾಕಿ ಮೆಲ್ಲಗೆ ಉರುಳಿಸಿದರು. ದೊಡ್ಡಮ್ಮನ ಮೊರದಲ್ಲಿ ಒಂದು ಹಿಡಿ ಹುರುಳಿ ಹಾಕಿ ನಾನೂ ಮಾಡಿ ನೋಡಿದೆ. ಫೋನಿನಲ್ಲಿ ಕೇಳಿದರೆ ಅಪ್ಪಟ ಮಲೆನಾಡಿನ ಮಳೆ! ಕಾಳು ಕಡಿಮೆ ಇರುವುದರಿಂದ ಒಂದೊಂದು ಬೀಳುವುದೂ ಬಿಡಿಯಾಗಿ ಕೇಳುತ್ತದೆ. ಮಿಕ್ಕಿದ್ದನ್ನು ಮನಸ್ಸು ತುಂಬಿಕೊಳ್ಳುತ್ತದೆ. ಕುದುರೆಗೆ ತೆಂಗಿನ ಚಿಪ್ಪು, ಗುಡುಗಿಗೆ ಅಲ್ಲಾಡಿಸಿದ ತಗಡು, ಉರಿಯುವ ಬೆಂಕಿಯ ಸದ್ದಿಗೆ ಕೈಯಲ್ಲಿ ಮುದುಡುವ ಸೆಲೋಫೇನ್ ಕಾಗದ. ಎಲ್ಲಾ ಇದೇ ದಾರಿ.

ಇದೆಲ್ಲ ನಡೆಯುತ್ತಿದ್ದದ್ದು ನೇರಪ್ರಸಾರದಲ್ಲಿ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದರು. 'ಆಕಾಶವಾಣಿ' ಎಂಬ ಅದರ ಹೆಸರೇ ಮುಂದೆ ಇಡೀ ದೇಶದ ರೇಡಿಯೋದ ಹೆಸರಾಯಿತು. ಆ ಕಾಲದ ಸ್ಟುಡಿಯೋ ಅಂದರೆ ಹಾಡುವವರು, ಓದುವವರು ಆ ಹೊತ್ತಿಗೆ ಸರಿಯಾಗಿ ಅಲ್ಲಿ ಇರಲೇಬೇಕಾದ ಜಾಗ. ತಪ್ಪಿದರೆ ತಿದ್ದಲು ಆಗದು. ನಾಟಕದ ಹಾಳೆಗಳನ್ನು ಪಿನ್ನು ಹಾಕದೆ ಬಿಡಿಯಾಗಿ ಇಟ್ಟುಕೊಂಡು, ಓದಿ ಮುಗಿದದ್ದನ್ನು ಸದ್ದಿಲ್ಲದೆ ಪಕ್ಕಕ್ಕೆ ಸರಿಸಬೇಕಿತ್ತು. ಹಾಳೆ ತಿರುವಿದ ಸದ್ದನ್ನೂ ಮೈಕು ಹಿಡಿಯುತ್ತಿತ್ತು.

ಅದರಲ್ಲೂ ರಿಬ್ಬನ್ ಮೈಕು ನನಗೆ ತುಂಬಾ ಇಷ್ಟ. ಕಾಂತದ ನಡುವೆ ತೂಗುವ, ಕೂದಲಿಗಿಂತ ಎಷ್ಟೋ ತೆಳುವಾದ ಅಲ್ಯೂಮಿನಿಯಂ ಪಟ್ಟಿ. ಜೋರಾಗಿ ಊದಿದರೆ ಹಾಳು. ಅದು ಹಿಂದೆ ಮುಂದೆ ಎರಡೂ ಕಡೆ ಕೇಳುತ್ತದೆ. ಪಕ್ಕಗಳಿಂದ ಬಂದ ಅಲೆ ಪಟ್ಟಿಯ ಎರಡೂ ಮುಖವನ್ನು ಒಂದೇ ಸಮ ಒತ್ತುವುದರಿಂದ ಪಟ್ಟಿ ಅಲುಗುವುದಿಲ್ಲ, ಆ ಸದ್ದು ಮೈಕಿಗೆ ಕೇಳುವುದಿಲ್ಲ. ನಟರಿಗೆ ಇದೇ ವರವಾಯಿತು. ಎದುರುಬದುರು ನಿಂತು ಮಾತಾಡಿದರು. "ನಾನು ಹೊರಟೆ" ಅನ್ನುತ್ತಾ ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಸಾಕು, ಕೇಳುವವರಿಗೆ ಆ ಮನುಷ್ಯ ಗದ್ದೆ ದಾಟಿ ಹೋದ ಹಾಗೆ.

ರೆಕಾರ್ಡಿಂಗ್ ಇರಲಿಲ್ಲ ಅಂತಲ್ಲ. ಮೇಣದಂಥ ಲೇಪದ ತಟ್ಟೆಯ ಮೇಲೆ ಸೂಜಿ ಗೀರು ಕೊರೆಯುತ್ತಿತ್ತು. 16 ಅಂಗುಲದ ದೊಡ್ಡ ತಟ್ಟೆಯ ಒಂದು ಬದಿಗೆ 15 ನಿಮಿಷ. ಕೊರೆದ ಮೇಲೆ ಅಳಿಸುವ ಹಾಗಿಲ್ಲ. ಬಿಬಿಸಿಯವರು 1930ರ ದಶಕದಲ್ಲಿ ಉಕ್ಕಿನ ಪಟ್ಟಿಯ ಮೇಲೂ ಧ್ವನಿ ಹಿಡಿದರು. ಅದು ಸೆಕೆಂಡಿಗೆ ಒಂದೂವರೆ ಮೀಟರ್ ಓಡುತ್ತಿತ್ತು, ಅರ್ಧ ಗಂಟೆಗೆ ಹತ್ತಿರ ಹತ್ತಿರ ಮೂರು ಕಿಲೋಮೀಟರ್ ಉಕ್ಕು! ಜೋಡಿಸಬೇಕಾದರೆ ಬೆಸುಗೆ ಹಾಕಬೇಕು.

ಎಲ್ಲವನ್ನೂ ಬದಲಿಸಿದ್ದು ಕಬ್ಬಿಣದ ಆಕ್ಸೈಡ್ ಪುಡಿ ಸವರಿದ ಟೇಪು. ಅದನ್ನು ಓಡಿಸುವ ಯಂತ್ರ 1935ರಲ್ಲಿ ಜರ್ಮನಿಯಲ್ಲಿ ಹೊರಬಂತು, ಎರಡನೇ ಮಹಾಯುದ್ಧ ಮುಗಿದ ಮೇಲೆ ಹೊರಗಿನವರಿಗೂ ಸಿಕ್ಕಿತು. ಈಗ ಧ್ವನಿಗೆ ಕೈಗೆ ಸಿಗುವಂಥ ಉದ್ದ ಬಂತು. ಒಂದು ಸೆಕೆಂಡಿಗೆ 38 ಸೆಂಟಿಮೀಟರ್ ವೇಗದಲ್ಲಿ ಓಡಿಸಿದರೆ, ಒಂದು ಸಣ್ಣ ಕೆಮ್ಮು ಅಂದರೆ ಗೇಣುದ್ದದ ಪಟ್ಟಿ. ರೀಲನ್ನು ಕೈಯಲ್ಲೇ ಹಿಂದೆ ಮುಂದೆ ತಿರುಗಿಸಿ ಕೆಮ್ಮು ಎಲ್ಲಿದೆ ಅಂತ ಹುಡುಕುವುದು, ಪೆನ್ಸಿಲ್ಲಿನಿಂದ ಗುರುತು ಹಾಕುವುದು, ಬ್ಲೇಡಿನಿಂದ ಓರೆಯಾಗಿ ಕತ್ತರಿಸುವುದು, ಅಂಟುಪಟ್ಟಿಯಿಂದ ಕೂಡಿಸುವುದು. ಓರೆ ಯಾಕೆ ಗೊತ್ತಾ? ನೇರ ಕತ್ತರಿಸಿದರೆ ಒಂದು ಸದ್ದು ಥಟ್ಟನೆ ನಿಂತು ಇನ್ನೊಂದು ಥಟ್ಟನೆ ಶುರುವಾಗಿ 'ಟಿಕ್' ಅನ್ನುತ್ತದೆ. ಓರೆಯಾದರೆ ಒಂದು ಇನ್ನೊಂದರೊಳಗೆ ಮೆಲ್ಲಗೆ ಜಾರುತ್ತದೆ.

ಕೆಮ್ಮು ತೆಗೆದ ಜಾಗದಲ್ಲಿ ಏನಿಡಬೇಕು? ಖಾಲಿ ಟೇಪು ಇಟ್ಟರೆ ರೇಡಿಯೋನೇ ಕೆಟ್ಟಂತೆ ಅನಿಸುತ್ತದೆ. ಯಾಕೆಂದರೆ ಯಾವ ಜಾಗವೂ ಪೂರ್ತಿ ಮೌನವಾಗಿರುವುದಿಲ್ಲ. ಅದಕ್ಕೇ ಹೊರಗೆ ರೆಕಾರ್ಡಿಂಗಿಗೆ ಹೋದಾಗ ಮಾತು ಮುಗಿದ ಮೇಲೆ ಎಲ್ಲರನ್ನೂ ಸುಮ್ನಿರಿಸಿ, ಆ ಜಾಗದ ಮೌನವನ್ನೇ ಸ್ವಲ್ಪ ಹೊತ್ತು ತುಂಬಿಕೊಂಡು ಬರುವ ಪದ್ಧತಿ ಬಂತು. ಎಡಿಟಿಂಗ್ ಮಾಡುವಾಗ ತೇಪೆ ಹಾಕುವುದು ಆ ತುಂಡಿನಿಂದಲೇ.

ಮಳೆ ಬಿಟ್ಟ ಸಂಜೆ ದೊಡ್ಡಮ್ಮನ ಕೈಲಿ ಅವರ ಮದುವೆಯ ಕಥೆ ಹೇಳಿಸಿ ರೆಕಾರ್ಡ್ ಮಾಡಿಕೊಂಡೆ. ಮುಗಿದ ಮೇಲೆ, "ಒಂದ್ನಿಮಿಷ ಸುಮ್ನಿರಿ ದೊಡ್ಡಮ್ಮ" ಅಂದೆ. "ಮಾತೇ ಇಲ್ಲ, ಏನೋ ಹಿಡೀತೀಯಾ ಅದರಲ್ಲಿ?" ಅಂದರು. ಆಮೇಲೆ ಇಯರ್‌ಫೋನು ಹಾಕಿ ಕೇಳಿಸಿದೆ. ಒಲೆಯ ಕಟ್ಟಿಗೆ ಚಟ್ ಅನ್ನುತ್ತಿತ್ತು. ಹೆಂಚಿನ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಕಾಫಿ ತೋಟದ ಕಡೆಯಿಂದ ಜೀರುಂಡೆ. ದೊಡ್ಡಮ್ಮ ಕಣ್ಣು ಮುಚ್ಚಿಕೊಂಡು ಆ ಒಂದು ನಿಮಿಷ ಪೂರ್ತಿ ಕೇಳಿದರು, ಇನ್ನೊಂದು ಸಲ ಹಾಕು ಅಂದರು.