ಓದುಗರ ಪ್ರಶ್ನೆ: ಫೋನಿನ ವಿಸಿಎಫ್ ಕಡತವನ್ನು ಎಕ್ಸೆಲ್ ಪಟ್ಟಿಯಾಗಿ ಮಾಡುವುದು ಹೇಗೆ?

ಪ್ರಶ್ನೆ: ಕಲಬುರಗಿಯ ನೆಹರು ಗಂಜ್‌ನಲ್ಲಿ ನಮ್ಮದು ತೊಗರಿಯ ಅಡತ ಅಂಗಡಿ. ರೈತರು, ದಾಲ್ ಮಿಲ್‌ನವರು, ಲಾರಿಯವರು ಎಲ್ಲರ ನಂಬರುಗಳೂ ಹಳೆಯ ಆಂಡ್ರಾಯ್ಡ್ ಫೋನಿನಲ್ಲಿವೆ. ಎಕ್ಸ್‌ಪೋರ್ಟ್ ಮಾಡಿದಾಗ ವಿಸಿಎಫ್ ಎಂಬ ಕಡತ ಬಂತು. ನಮಗೆ ಬೇಕಿರುವುದು ಎಕ್ಸೆಲ್ ಪಟ್ಟಿ. ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಕನ್ನಡ ಹೆಸರುಗಳ ಜಾಗದಲ್ಲಿ ಬರೀ ಚಿಹ್ನೆ, ಅಂಕಿಗಳಿವೆ. ಹೆಸರುಗಳು ಹಾಳಾಗಿವೆಯೇ? ಇದೇ ಪಟ್ಟಿಯನ್ನು ಮಗನ ಐಫೋನಿಗೂ ಹಾಕಬಹುದೇ?

ಉತ್ತರ: ಹೆಸರುಗಳು ಹಾಳಾಗಿಲ್ಲ, ಬೇರೆ ರೂಪದಲ್ಲಿ ಬರೆಯಲ್ಪಟ್ಟಿವೆ, ಅಷ್ಟೆ. ವಿಸಿಎಫ್ ಎಂದರೆ ವಿಕಾರ್ಡ್ ಎಂಬ ಮಾದರಿಯ ಕಡತ. ಅದರ 2.1ನೆಯ ಆವೃತ್ತಿ 1996ರದು. ಇಂಗ್ಲಿಷ್ ಅಕ್ಷರಗಳನ್ನು ಬಿಟ್ಟು ಬೇರೆ ಲಿಪಿಯನ್ನು ಸುರಕ್ಷಿತವಾಗಿ ಸಾಗಿಸುವ ಭರವಸೆಯಿಲ್ಲದ ಕಾಲದಲ್ಲಿ ರೂಪುಗೊಂಡದ್ದರಿಂದ, ಅದು ಕನ್ನಡದ ಪ್ರತಿಯೊಂದು ಅಕ್ಷರವನ್ನೂ ಸಂಕೇತಗಳಾಗಿ ಒಡೆದು ಬರೆಯುತ್ತದೆ. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ‘ಕ’ ಅಕ್ಷರಕ್ಕೆ ಮೂರು ಬೈಟ್‌ಗಳು ಬೇಕು; ಅವು ನಿಮ್ಮ ಕಡತದಲ್ಲಿ ‘=ಇ0=ಬಿ2=95’ ಎಂಬಂತೆ, ಆದರೆ ಇಂಗ್ಲಿಷ್ ಅಕ್ಷರಗಳಲ್ಲಿ, ಕಾಣುತ್ತವೆ. ‘ಶರಣಪ್ಪ’ ಎಂಬ ಹೆಸರಿನಲ್ಲಿ ಒತ್ತಕ್ಷರವನ್ನು ಸೂಚಿಸುವ ಹಲಂತವೂ ಸೇರಿ ತಲಾ ಒಂಬತ್ತು ಚಿಹ್ನೆಗಳ ಆರು ಸಂಕೇತಗಳಿರುವುದರಿಂದ ಅದೊಂದೇ 54 ಚಿಹ್ನೆಗಳಷ್ಟು ಉದ್ದವಾಗುತ್ತದೆ. 2011ರಲ್ಲಿ ಬಂದ 4.0 ಆವೃತ್ತಿಯು ಯುಟಿಎಫ್-8 ಅನ್ನೇ ಕಡ್ಡಾಯ ಮಾಡಿತು. ಹಾಗಿದ್ದರೂ ಅನೇಕ ಆಂಡ್ರಾಯ್ಡ್ ಫೋನುಗಳು ಇಂದಿಗೂ 2.1ರಲ್ಲೇ ಬರೆಯುತ್ತವೆ. ಆದ್ದರಿಂದ ಆ ಸಾಲುಗಳನ್ನು ಕೈಯಿಂದ ತಿದ್ದಲು ಹೋಗಬೇಡಿ.

ಪರಿವರ್ತನೆಯ ಕೆಲಸವನ್ನು ಗೂಗಲ್ ಕಾಂಟ್ಯಾಕ್ಟ್ಸ್‌ಗೆ ಬಿಡುವುದು ಒಳ್ಳೆಯದು. ಕಂಪ್ಯೂಟರಿನಲ್ಲಿ ಅದನ್ನು ತೆರೆದು, ಇಂಪೋರ್ಟ್ ಆಯ್ಕೆಯಲ್ಲಿ ವಿಸಿಎಫ್ ಕಡತವನ್ನು ಕೊಡಿ. ಹೆಸರುಗಳು ಕನ್ನಡದಲ್ಲಿ ಮೂಡುವುದನ್ನು ನೋಡಿಕೊಂಡ ಮೇಲೆ ಎಕ್ಸ್‌ಪೋರ್ಟ್ ಆಯ್ಕೆಯಲ್ಲಿ ‘ಗೂಗಲ್ ಸಿಎಸ್‌ವಿ’ಯನ್ನು ಆರಿಸಿದರೆ ಎಕ್ಸೆಲ್ ಓದಬಲ್ಲ ಕಡತ ದೊರೆಯುತ್ತದೆ. ಅಂತರ್ಜಾಲದಲ್ಲಿ ಉಚಿತವಾಗಿ ಪರಿವರ್ತಿಸಿಕೊಡುವ ತಾಣಗಳೂ ಬಹಳ ಇವೆ. ಆದರೆ ನಿಮ್ಮನ್ನು ನಂಬಿ ನಂಬರು ಕೊಟ್ಟ ರೈತರ ಪಟ್ಟಿಯನ್ನು ಯಾರದೋ ಕಂಪ್ಯೂಟರಿಗೆ ಒಪ್ಪಿಸುವುದು ನನಗಂತೂ ಸರಿಯೆನಿಸುವುದಿಲ್ಲ.

ನಿಜವಾದ ಅಪಾಯ ಇರುವುದು ಇದರ ಮುಂದಿನ ಹೆಜ್ಜೆಯಲ್ಲಿ. ಸಿಎಸ್‌ವಿ ಕಡತದ ಮೇಲೆ ಎರಡು ಸಲ ಕ್ಲಿಕ್ ಮಾಡಿ ನೇರವಾಗಿ ತೆರೆದರೆ, ಎಕ್ಸೆಲ್ ಅದರ ಲಿಪಿಯನ್ನು ತಪ್ಪಾಗಿ ಊಹಿಸಿ ಕನ್ನಡದ ಬದಲು ತಲೆಯ ಮೇಲೆ ಗೆರೆಯಿರುವ ಇಂಗ್ಲಿಷ್ ಅಕ್ಷರಗಳನ್ನು ತೋರಿಸಬಹುದು. ಅದಕ್ಕಿಂತ ಕೆಟ್ಟದ್ದೆಂದರೆ, ಫೋನ್ ನಂಬರನ್ನು ಅದು ಲೆಕ್ಕದ ಸಂಖ್ಯೆಯೆಂದು ಭಾವಿಸುತ್ತದೆ. ಕಲಬುರಗಿಯ ಎಸ್‌ಟಿಡಿ ಕೋಡ್ 08472ರ ಮೊದಲ ಸೊನ್ನೆ ಹಾರಿಹೋಗುತ್ತದೆ. 91ರಿಂದ ಶುರುವಾಗುವ 12 ಅಂಕಿಗಳ ಮೊಬೈಲ್ ನಂಬರು ‘9.19ಇ+11’ ಎಂಬ ರೀತಿಯಲ್ಲಿ ಮುದುಡಿಕೊಳ್ಳುತ್ತದೆ. ನೋಡಿ ಸುಮ್ಮನೆ ಮುಚ್ಚಿದರೆ ಏನೂ ಆಗದು. ಆದರೆ ಆ ಸ್ಥಿತಿಯಲ್ಲೇ ಮತ್ತೆ ಸಿಎಸ್‌ವಿಯಾಗಿ ಉಳಿಸಿದರೆ ತೆರೆಯ ಮೇಲೆ ಕಂಡದ್ದೇ ಕಡತದೊಳಗೆ ಸೇರುತ್ತದೆ, ಉಳಿದ ಅಂಕಿಗಳು ಅದರಿಂದ ಮರಳಿ ಬರುವುದಿಲ್ಲ. ಲಿಪಿಯ ತೊಂದರೆಯನ್ನು ಸಾಮಾನ್ಯವಾಗಿ ಸರಿಪಡಿಸಿಕೊಳ್ಳಬಹುದು, ಅಂಕಿಗಳ ನಷ್ಟವನ್ನು ಸರಿಪಡಿಸಲಾಗದು.

ಇವೆರಡನ್ನೂ ತಪ್ಪಿಸಲು ಮೊದಲು ಖಾಲಿ ಎಕ್ಸೆಲ್ ಹಾಳೆಯನ್ನು ತೆರೆಯಿರಿ. ಡೇಟಾ ಎಂಬ ಪಟ್ಟಿಯಲ್ಲಿ ‘ಫ್ರಮ್ ಟೆಕ್ಸ್ಟ್/ಸಿಎಸ್‌ವಿ’ ಒತ್ತಿ ಕಡತವನ್ನು ಆರಿಸಿ, ಫೈಲ್ ಒರಿಜಿನ್ ಎಂಬಲ್ಲಿ ‘65001: ಯೂನಿಕೋಡ್ (ಯುಟಿಎಫ್-8)’ ಎಂದು ಕೊಟ್ಟು, ಅಂಕಣಗಳ ಬಗೆಯನ್ನು ಊಹಿಸಬಾರದೆಂಬ ಆಯ್ಕೆಯನ್ನು ಗುರುತಿಸಿ. ಆಗ ನಂಬರುಗಳು ಬರಹವಾಗಿಯೇ ಒಳಬರುತ್ತವೆ. ಬೀದರಿನ ಕಡೆಯ ಗಿರಾಕಿಗಳ ಹೆಸರನ್ನು ಉರ್ದು ಅಥವಾ ಮರಾಠಿಯಲ್ಲಿ ಬರೆದಿಟ್ಟುಕೊಂಡಿದ್ದರೂ ಇದೇ ಕ್ರಮ ಸಾಕು. ಅಂಗಡಿಯ ಹಳೆಯ ಕಂಪ್ಯೂಟರಿನಲ್ಲಿ ನುಡಿ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ಪಟ್ಟಿಯಿದ್ದರೆ ಮಾತ್ರ ವಿಷಯ ಬೇರೆ: ಅದು ಯೂನಿಕೋಡ್ ಅಲ್ಲದಿರಬಹುದು, ಹಾಗಿದ್ದಲ್ಲಿ ಮೊದಲು ನುಡಿ ಇಲ್ಲವೇ ಬರಹ ತಂತ್ರಾಂಶದ ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು.

ವಿಸಿಎಫ್‌ನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಚೀಟಿಯಿದ್ದರೆ, ಸಿಎಸ್‌ವಿ ಎಂಬುದು ಎಲ್ಲರಿಗೂ ಸೇರಿ ಗೆರೆ ಹಾಕಿದ ಒಂದೇ ಖಾತೆ ಪುಸ್ತಕ. ಚೀಟಿಯಲ್ಲಿ ಎಷ್ಟು ನಂಬರುಗಳನ್ನಾದರೂ ಬರೆಯಬಹುದು, ಫೋಟೊವನ್ನೂ ಸೇರಿಸಬಹುದು. ಪುಸ್ತಕದಲ್ಲಿ ಅಂಕಣಗಳು ಮೊದಲೇ ನಿಗದಿಯಾಗಿರುತ್ತವೆ. ಆದ್ದರಿಂದ ಒಬ್ಬರಿಗೆ ಒಂದೇ ಬಗೆಯ ಹಲವು ನಂಬರುಗಳಿದ್ದಾಗ ಗೂಗಲ್ ಅವನ್ನು ಒಂದೇ ಮನೆಯಲ್ಲಿಟ್ಟು ನಡುವೆ ಮೂರು ಕೋಲನ್ ಹಾಕುವುದುಂಟು. ಅದನ್ನು ಕಸವೆಂದು ಅಳಿಸಬೇಡಿ. ಫೋಟೊಗಳಂತೂ ಎಕ್ಸೆಲ್ ಪಟ್ಟಿಯೊಳಗೆ ಬರುವುದಿಲ್ಲ. ಈ ಕಾರಣಕ್ಕೇ ಮೂಲ ವಿಸಿಎಫ್ ಕಡತವನ್ನು ಒಂದು ಪೆನ್ ಡ್ರೈವ್‌ನಲ್ಲಿ ಮುಟ್ಟದೆ ಇಟ್ಟಿರಬೇಕು.

ಐಫೋನಿನ ಮಟ್ಟಿಗೆ ಎಕ್ಸೆಲ್ ಪಟ್ಟಿಯ ಅಗತ್ಯವೇ ಇಲ್ಲ. ಗೂಗಲ್ ಕಾಂಟ್ಯಾಕ್ಟ್ಸ್‌ನಿಂದ ಈ ಸಲ ‘ವಿಕಾರ್ಡ್’ ಎಂದು ಆರಿಸಿ ಎಕ್ಸ್‌ಪೋರ್ಟ್ ಮಾಡಿದರೆ ಆಪಲ್‌ನ ಅಂತರ್ಜಾಲ ಸೇವೆಯಾದ ಐಕ್ಲೌಡ್ ಅದನ್ನು ತೆಗೆದುಕೊಳ್ಳುತ್ತದೆ. ಸಿಎಸ್‌ವಿಯನ್ನು ಅದು ಸ್ವೀಕರಿಸುವುದಿಲ್ಲ. ಅಂಗಡಿಯ ಗೂಗಲ್ ಖಾತೆಯನ್ನೇ ಮಗನ ಐಫೋನಿಗೆ ಸೇರಿಸಿ ಕಾಂಟ್ಯಾಕ್ಟ್ಸ್ ಗುಂಡಿಯನ್ನು ಚಾಲೂ ಮಾಡುವುದು ಇನ್ನೂ ಸುಲಭ. ಆದರೆ ಆಗ ಮಗ ಅಳಿಸಿದ ಹೆಸರು ನಿಮ್ಮ ಫೋನಿನಿಂದಲೂ ಅಳಿಯುತ್ತದೆ ಎಂಬುದನ್ನು ಅವರಿಗೆ ಮೊದಲೇ ತಿಳಿಸಿ.

ಎಕ್ಸೆಲ್‌ನಲ್ಲಿ ತಿದ್ದಿದ ಪಟ್ಟಿಯನ್ನು ಗೂಗಲ್‌ಗೆ ಮರಳಿ ಹಾಕುವುದಾದರೆ ಮೊದಲ ಸಾಲಿನ ಇಂಗ್ಲಿಷ್ ಶೀರ್ಷಿಕೆಗಳನ್ನು ಬದಲಿಸದೆ, ‘ಸಿಎಸ್‌ವಿ ಯುಟಿಎಫ್-8’ ಎಂಬ ಬಗೆಯಲ್ಲೇ ಉಳಿಸಬೇಕು. ಮೊದಲು ಆಳಂದ ಕಡೆಯ ನಾಲ್ಕೈದು ರೈತರ ಹೆಸರನ್ನಷ್ಟೇ ಹಾಕಿ ನೋಡಿ. ಹೀಗೆ ಒಳಬಂದ ಹೆಸರುಗಳಿಗೆ ಗೂಗಲ್ ಆ ದಿನದ ದಿನಾಂಕವಿರುವ ಒಂದು ಲೇಬಲ್ ಅಂಟಿಸುತ್ತದೆ. ಏನಾದರೂ ತಪ್ಪಿದ್ದರೆ ಆ ಲೇಬಲ್ ತೆರೆದು ಅವಷ್ಟನ್ನೇ ಅಳಿಸಬಹುದು.